ಗುಟ್ಟು ಬಿಟ್ಟುಕೊಡದ ಸಹಿ

ಟೆಂಡರ್ ಹಾಕಲು, ತೆರಿಗೆ ವಿವರ ಸಲ್ಲಿಸಲು ಇಂದು ಬಳಕೆಯಲ್ಲಿರುವ ಡಿಜಿಟಲ್ ಸಹಿಗಳು ಆರ್‌ಎಸ್‌ಎ ಇಲ್ಲವೇ ಎಲಿಪ್ಟಿಕ್ ಕರ್ವ್ ಗಣಿತದ ಮೇಲೆ ನಿಂತಿವೆ. ದೊಡ್ಡ ಕ್ವಾಂಟಂ ಕಂಪ್ಯೂಟರ್ ಬಂದರೆ, ಪೀಟರ್ ಶೋರ್ 1994ರಲ್ಲಿ ಕಂಡುಹಿಡಿದ ವಿಧಾನದಿಂದ ಎರಡನ್ನೂ ಮುರಿಯಬಹುದು. ಅಂಥ ಯಂತ್ರ ಬರುವ ಮೊದಲೇ ಬದಲಿ ಬೇಕು. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2024ರ ಆಗಸ್ಟ್‌ನಲ್ಲಿ ಪ್ರಕಟಿಸಿದ ಎಂಎಲ್-ಡಿಎಸ್‌ಎ ಅಂಥದ್ದೊಂದು. ಡೈಲಿಥಿಯಂ ಎಂಬ ವಿನ್ಯಾಸದಿಂದ ಬಂದದ್ದು, ಲ್ಯಾಟಿಸ್ ಗಣಿತವನ್ನು ನಂಬಿದ್ದು.

ಇದರ ಮಧ್ಯಮ ಮಟ್ಟವಾದ ಎಂಎಲ್-ಡಿಎಸ್‌ಎ-65ನ್ನೇ ನೋಡೋಣ. ಗುಟ್ಟಿನ ಕೀ ಎಂದರೆ ಮೈನಸ್ 4ರಿಂದ 4ರೊಳಗಿನ ಪುಟ್ಟ ಸಂಖ್ಯೆಗಳ ಸಾಲು. ಅದನ್ನು ಎಲ್ಲರಿಗೂ ತಿಳಿದಿರುವ ಒಂದು ದೊಡ್ಡ ಕೋಷ್ಟಕದಿಂದ ಗುಣಿಸಿ, ಇನ್ನಷ್ಟು ಪುಟ್ಟ ಸಂಖ್ಯೆಗಳನ್ನು ಬೆರೆಸಿ, 83,80,417ರಿಂದ ಭಾಗಿಸಿ ಉಳಿದ ಶೇಷದಿಂದ ಸಾರ್ವಜನಿಕ ಕೀ ಆಗುತ್ತದೆ. ಆ ಬೆರಕೆ ಇಲ್ಲದಿದ್ದರೆ ಇದು ಸಾಮಾನ್ಯ ಸಮೀಕರಣ ಬಿಡಿಸುವ ಲೆಕ್ಕ. ಬೆರಕೆ ಸೇರಿದ ಮೇಲೆ, ಸಾವಿರಕ್ಕೂ ಮಿಕ್ಕಿದ ಆಯಾಮಗಳಲ್ಲಿ ಪುಟ್ಟ ಸಂಖ್ಯೆಗಳ ಸಾಲನ್ನು ಹುಡುಕಬೇಕು. ಅದಕ್ಕೆ ಕ್ವಾಂಟಂ ಯಂತ್ರಕ್ಕೂ ಸುಲಭದ ದಾರಿ ಈವರೆಗೆ ಯಾರಿಗೂ ಸಿಕ್ಕಿಲ್ಲ.

ಸಹಿ ಮಾಡುವಾಗ ಮೊದಲು ಯಾದೃಚ್ಛಿಕ ಸಂಖ್ಯೆಗಳ ಒಂದು ಮುಸುಕು ತಯಾರಾಗುತ್ತದೆ. ಪ್ರತಿ ಸಂಖ್ಯೆಯೂ ಹೆಚ್ಚೆಂದರೆ 5,24,288. ಮುಸುಕನ್ನು ಕೋಷ್ಟಕದಿಂದ ಗುಣಿಸಿ, ಬಂದದ್ದರ ಮೇಲ್ಭಾಗದ ಅಂಕಿಗಳನ್ನೂ ಸಂದೇಶವನ್ನೂ ಹ್ಯಾಶ್ ಮಾಡಿದರೆ ಸವಾಲು ಸಿಗುತ್ತದೆ. ಸವಾಲನ್ನು ಗುಟ್ಟಿನಿಂದ ಗುಣಿಸಿ ಮುಸುಕಿಗೆ ಕೂಡಿಸಿದ್ದೇ ಉತ್ತರ.

ಅಪಾಯವಿರುವುದು ಈ ಕೂಡಿಕೆಯಲ್ಲಿ. ಗುಟ್ಟು ಪ್ರತಿ ಸ್ಥಾನಕ್ಕೂ ಹೆಚ್ಚೆಂದರೆ 196 ಸೇರಿಸಬಲ್ಲದು. ಒಂದು ಸ್ಥಾನದಲ್ಲಿ 5,24,400 ಕಂಡಿತೆನ್ನಿ. ಮುಸುಕು ಅಷ್ಟು ದೊಡ್ಡದಾಗಲಾರದು. ಹಾಗಾದರೆ ಕನಿಷ್ಠ 112 ಗುಟ್ಟಿನಿಂದಲೇ ಬಂದಿದೆ. ಇಂಥ ಚೂರುಗಳನ್ನು ಕೂಡಿಸುತ್ತ ಹೋದರೆ ಕೀ ಬಯಲಾಗುತ್ತದೆ. ಇದು ಬರಿಯ ಊಹೆಯಲ್ಲ. ಹಿಂದಿನ ಎನ್‌ಟಿಆರ್‌ಯು-ಸೈನ್ ಎಂಬ ಲ್ಯಾಟಿಸ್ ಸಹಿಯೂ ಬೇರೊಂದು ಬಗೆಯಲ್ಲಿ ಹೀಗೇ ಗುಟ್ಟು ಸೋರುತ್ತಿತ್ತು. 2006ರಲ್ಲಿ ಫಾಂಗ್ ನ್ಯೂಯೆನ್ ಮತ್ತು ಓಡೆಡ್ ರೆಗೆವ್ ಅದರ ಮೂಲ ರೂಪದ ಸುಮಾರು 400 ಸಹಿಗಳಿಂದಲೇ ಕೀಯನ್ನು ಹೊರತೆಗೆದರು.

ವಾಡಿಮ್ ಲ್ಯುಬಾಶೆವ್‌ಸ್ಕಿ 2009ರಲ್ಲಿ ಸೂಚಿಸಿದ ಪರಿಹಾರ ನನಗೆ ಈ ಇಡೀ ವಿದ್ಯೆಯ ಅತಿ ಸುಂದರ ಭಾಗ. ಉತ್ತರದ ಒಂದೇ ಒಂದು ಸಂಖ್ಯೆ ಅಂಚಿನ 196ರ ಪಟ್ಟಿಗೆ ಬಿದ್ದರೂ ಅದನ್ನು ಹೊರಗೆ ಬಿಡದೆ ಅಳಿಸಿ, ಹೊಸ ಮುಸುಕಿನಿಂದ ಮತ್ತೆ ಶುರುಮಾಡುವುದು. ಅಂಚಿನಿಂದ ಒಳಗೆ ಎಲ್ಲ ಬೆಲೆಗಳೂ ಸಮಾನವಾಗಿ ಬರುತ್ತವೆ. ಗುಟ್ಟು ಯಾವುದಿದ್ದರೂ ಸಹಿಗಳು ಒಂದೇ ಬಗೆಯಲ್ಲಿ ಹರಡಿಕೊಂಡಿರುತ್ತವೆ. ಇದೂ ಇಂಥ ಇತರ ತಪಾಸಣೆಗಳೂ ಸೇರಿ ಒಂದು ಸಹಿಗೆ ಸರಾಸರಿ 5.1 ಯತ್ನ ಬೇಕು. ಆದರೂ ಕೆಲಸ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ.

ಪರಿಶೀಲಿಸುವವರು ಉತ್ತರವನ್ನು ಕೋಷ್ಟಕದಿಂದ ಗುಣಿಸಿ, ಸವಾಲು ಮತ್ತು ಸಾರ್ವಜನಿಕ ಕೀಗಳ ಗುಣಲಬ್ಧವನ್ನು ಕಳೆಯುತ್ತಾರೆ. ಸಹಿಯ ಜೊತೆ ಬಂದ ಸಣ್ಣ ಸುಳಿವಿನ ನೆರವಿನಿಂದ ಮೊದಲಿನ ಮೇಲ್ಭಾಗದ ಅಂಕಿಗಳೇ ಮರಳಿ ಸಿಗುತ್ತವೆ. ಹ್ಯಾಶ್ ತಾಳೆಯಾಗಬೇಕು, ಉತ್ತರ ಮಿತಿಯೊಳಗೂ ಇರಬೇಕು. ಮಿತಿಯ ಷರತ್ತು ಬಿಟ್ಟರೆ ಯಾರು ಬೇಕಾದರೂ ನಕಲಿ ಸಹಿ ಹುಟ್ಟಿಸಬಹುದು.

ತೆರಬೇಕಾದ ಬೆಲೆ ಗಾತ್ರದಲ್ಲಿದೆ: ಎಲಿಪ್ಟಿಕ್ ಕರ್ವ್ ಸಹಿಗೆ 64 ಬೈಟ್ ಸಾಕಿದ್ದಲ್ಲಿ ಇದಕ್ಕೆ 3,309 ಬೈಟ್. ಫಾಲ್ಕನ್ ಎಂಬ ಇನ್ನೊಂದು ಲ್ಯಾಟಿಸ್ ಸಹಿ, ಸ್ವಲ್ಪ ಕೆಳಗಿನ ಭದ್ರತಾ ಮಟ್ಟದಲ್ಲಿ, 666 ಬೈಟ್‌ಗೇ ಮುಗಿಯುತ್ತದೆ. ಆದರೆ ಅದಕ್ಕೆ ದಶಮಾಂಶ ಲೆಕ್ಕಾಚಾರದ ಸೂಕ್ಷ್ಮ ಯಾದೃಚ್ಛಿಕ ಆಯ್ಕೆ ಬೇಕು, ಮತ್ತು ಅದನ್ನು ತಪ್ಪಿಲ್ಲದೆ ಪ್ರೋಗ್ರಾಂ ಮಾಡುವುದು ಕಷ್ಟ. ಜಾಗಕ್ಕೆ ತೀರಾ ಇಕ್ಕಟ್ಟಿಲ್ಲದ ಕಡೆ ನಾನಂತೂ ಎಂಎಲ್-ಡಿಎಸ್‌ಎಯನ್ನೇ ಆರಿಸುತ್ತೇನೆ.