ಗಡಿನಾಡಿನ ಅಕ್ಷರ ತಪಸ್ವಿ

ಸಂತರ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಪವಾಡಗಳಿಂದ ಆರಂಭಿಸುವುದುಂಟು. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರ ಚರಿತ್ರೆಗೆ ಅದರ ಆವಶ್ಯಕತೆಯಿಲ್ಲ. ಒಂದು ನಾಮಫಲಕವೇ ಸಾಕು. ಶಾಲೆಯ ಹೊರಗೆ ಉರ್ದು ಫಲಕ, ಒಳಗೆ ಕನ್ನಡದ ಪಾಠ! ಬೀದರ ಸೀಮೆಯ ಜನ ಈ ಮಾತನ್ನು ಇಂದಿಗೂ ಹೇಳಿಕೊಳ್ಳುತ್ತಾರೆ.

ಪಟ್ಟದ್ದೇವರು ಹುಟ್ಟಿದ್ದು 1889ರ ಡಿಸೆಂಬರ್ 22ರಂದು, ಅಂದಿನ ಔರಾದ ತಾಲ್ಲೂಕಿನ ಕಮಲನಗರದಲ್ಲಿ. ಹಾನಗಲ್ಲ ಕುಮಾರಸ್ವಾಮಿಗಳು ಬಾದಾಮಿಯ ಬಳಿ ಕಟ್ಟಿದ ಶಿವಯೋಗ ಮಂದಿರದಲ್ಲಿ ಅಭ್ಯಾಸ ಮಾಡಿ, ಮುಂದೆ ಭಾಲ್ಕಿಯ ಪೀಠವನ್ನೇರಿದರು. ಆಗ ಈ ನಾಡು ಹೈದರಾಬಾದಿನ ನಿಜಾಮರ ಆಳಿಕೆಗೆ ಸೇರಿತ್ತು. ಕಚೇರಿಯ ಭಾಷೆ ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿಯೇ. ಭಾಲ್ಕಿ, ಭಾತಂಬ್ರಾ, ಔರಾದಗಳ ಕನ್ನಡಿಗರ ಮಕ್ಕಳಿಗೆ ತಾಯಿಯ ನುಡಿ ಮನೆಯ ಅಂಗಳವನ್ನು ದಾಟುವಂತಿರಲಿಲ್ಲ.

ಇಂತಹ ಕಾಲದಲ್ಲಿ ಪಟ್ಟದ್ದೇವರು ಮಠವನ್ನೇ ಶಾಲೆಯಾಗಿಸಿದರು. 1936ರಲ್ಲಿ ಕಮಲನಗರದಲ್ಲಿ ಶಾಂತಿವರ್ಧಕ ಸಂಸ್ಥೆ ಹುಟ್ಟಿತು. ಬಡಮಕ್ಕಳಿಗೆ ಪ್ರಸಾದನಿಲಯವೂ ಏರ್ಪಟ್ಟಿತು. ಹಸಿದವನಿಗೆ ಅನ್ನವಿಕ್ಕುವುದು ಮಠಗಳ ಹಳೆಯ ಧರ್ಮ; ಆ ಅನ್ನದೊಡನೆ ಅಕ್ಷರವನ್ನೂ ಬಡಿಸಿದುದು ಇವರ ವಿಶೇಷ. ದಾಸೋಹದ ಅರ್ಥವೇ ಇದರಿಂದ ವಿಸ್ತಾರಗೊಂಡಿತು.

ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಸತ್ಯವ್ರತಿಯಾದ ವಿರಕ್ತನು ಫಲಕದಲ್ಲೊಂದು, ಪಾಠದಲ್ಲೊಂದು ಎಂಬಂತೆ ನಡೆಯಬಹುದೇ? ಮೇಲ್ನೋಟಕ್ಕೆ ಇದು ಕಪಟವೆನಿಸೀತು. ಆದರೆ ಕಪಟವು ತನ್ನ ಲಾಭವನ್ನರಸುತ್ತದೆ; ಇಲ್ಲಿ ಲಾಭ ಪಡೆದವರು ಮಕ್ಕಳು, ಅಪಾಯವನ್ನು ಹೊತ್ತವರು ಗುರುಗಳು. ಈ ಕಾರ್ಯದಲ್ಲಿ ಉರ್ದುವಿನ ದ್ವೇಷವನ್ನು ಕಾಣುವುದೂ ಸಲ್ಲದು. ಉರ್ದು, ಮರಾಠಿ, ತೆಲುಗುಗಳೊಡನೆ ಬಾಳುವುದು ಈ ಗಡಿನಾಡಿನ ನಿತ್ಯದ ಬದುಕು. ಅವರ ಹಟವಿದ್ದುದು ಇಷ್ಟಕ್ಕೆ: ಯಾವ ಮಗುವೂ ತನ್ನ ನುಡಿಯಲ್ಲಿ ನಿರಕ್ಷರಿಯಾಗಿ ಉಳಿಯಬಾರದು.

ಈ ಹಟದ ಬೇರು ಹನ್ನೆರಡನೆಯ ಶತಮಾನದಲ್ಲಿದೆ. ಶರಣರು ಅನುಭಾವವನ್ನು ಪಂಡಿತರ ಭಾಷೆಯಲ್ಲಿ ಹೇಳದೆ ಜನದ ಕನ್ನಡದಲ್ಲಿ ಹೇಳಿದರು. ಅವರ ಕಲ್ಯಾಣವಿರುವುದು ಇದೇ ಬೀದರ ಜಿಲ್ಲೆಯಲ್ಲಿ. ಕನ್ನಡವನ್ನು ಓದಲಾರದವನಿಗೆ ವಚನದ ಬಾಗಿಲು ಅರ್ಧ ಮುಚ್ಚಿದಂತೆಯೇ. ಆದ್ದರಿಂದ ಪಟ್ಟದ್ದೇವರಿಗೆ ಅಕ್ಷರ ಕಲಿಸುವುದು ಧರ್ಮೋಪದೇಶದ ಮೊದಲ ಪಾಠವಾಯಿತು. ಬಸವಕಲ್ಯಾಣದಲ್ಲಿ ಅನುಭವಮಂಟಪವನ್ನು ಮತ್ತೆ ಕಟ್ಟಲು ಅವರು ಪಟ್ಟ ಶ್ರಮವೂ ಇದರ ಮುಂದುವರಿಕೆಯೇ. ಶಾಲೆ ಮತ್ತು ಮಂಟಪ ಒಂದೇ ಕಾಯಕದ ಎರಡು ಮುಖಗಳು.

1948ರಲ್ಲಿ ನಿಜಾಮರ ಆಳಿಕೆ ಕೊನೆಗೊಂಡಿತು. 1956ರಲ್ಲಿ ರಾಜ್ಯಗಳು ಭಾಷಾವಾರು ಮರುವಿಂಗಡಣೆಯಾದಾಗ ಹಳೆಯ ಬೀದರ ಜಿಲ್ಲೆ ಮೂರು ಪಾಲಾಯಿತು. ಉದಗೀರ, ನಿಲಂಗಾ ಭಾಗಗಳು ಮುಂಬಯಿ ರಾಜ್ಯಕ್ಕೂ, ಜಹೀರಾಬಾದ, ನಾರಾಯಣಖೇಡಗಳು ಆಂಧ್ರಕ್ಕೂ ಸಂದವು. ಬೀದರ, ಭಾಲ್ಕಿ, ಔರಾದಗಳು ಮೈಸೂರು ರಾಜ್ಯವನ್ನು ಸೇರಿದವು. ನಕ್ಷೆಯ ಮೇಲೆ ಗೆರೆಯೆಳೆಯುವುದು ಸರಕಾರದ ಕೆಲಸ. ಆ ಗೆರೆಯ ಒಳಗೆ ಕನ್ನಡ ಓದಬಲ್ಲ ಜನರನ್ನು ಮೊದಲೇ ಸಿದ್ಧಗೊಳಿಸಿದ್ದು ಇಂತಹ ಶಾಲೆಗಳು.

1999ರ ಏಪ್ರಿಲ್ 22ರಂದು, ನೂರೊಂಬತ್ತರ ತುಂಬು ವಯಸ್ಸಿನಲ್ಲಿ ಪಟ್ಟದ್ದೇವರು ಲಿಂಗೈಕ್ಯರಾದರು. ಇಂದು ಈ ಸೀಮೆಯ ಶಾಲೆಗಳ ಮೇಲೆ ಕನ್ನಡದ ಫಲಕ ನಿರ್ಭಯವಾಗಿ ನಿಂತಿದೆ. ಆದರೆ ಫಲಕ ಕನ್ನಡದ್ದಾದ ಮಾತ್ರಕ್ಕೆ ಒಳಗಿನ ಪಾಠ ಜೀವಂತವಾಗಿರುತ್ತದೆಂದು ನೆಚ್ಚುವಂತಿಲ್ಲ. ಅಂದು ಫಲಕವಿಲ್ಲದೆಯೂ ಕನ್ನಡ ಉಳಿಯಿತು. ಪಾಠವಿಲ್ಲದೆ ಎಂದಿಗೂ ಉಳಿಯದು. ಅಧ್ಯಾಪಕರಾದ ನಾವು ಆ ಹಿರಿಯರ ಬಾಳಿನಿಂದ ಕಲಿಯಬೇಕಾದುದು ಇದನ್ನೇ.