ಮಿಲ್ ಪಕ್ಕದ ಮನೆ, ಮನೆಯೊಳಗಿನ ಹಾರ್ಡ್ ಡಿಸ್ಕ್

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕೂ ತಾಲ್ಲೂಕುಗಳಿಂದ ನಮ್ಮ ಕಾಲೇಜಿಗೆ ವಿದ್ಯಾರ್ಥಿಗಳು ಬರುತ್ತಾರೆ. ಅವರಲ್ಲಿ ಹಲವರ ಮನೆಯಲ್ಲಿ ಈಗ ಕಂಪ್ಯೂಟರ್ ಇದೆ. ನಾನು ಕಂಡಂತೆ ಹೆಚ್ಚಿನವು ಮೈಸೂರಿನಿಂದ ತಂದ ಸೆಕೆಂಡ್ ಹ್ಯಾಂಡ್ ಯಂತ್ರಗಳು, ಒಳಗೆ ತಿರುಗುವ ಹಾರ್ಡ್ ಡಿಸ್ಕ್ ಇರುವಂಥವು. ವೈರಸ್ ಬಗ್ಗೆ, ಕರೆಂಟ್ ಹೋಗಿ ಬರುವುದರ ಬಗ್ಗೆ ಎಲ್ಲರೂ ನನ್ನನ್ನು ಕೇಳುತ್ತಾರೆ. ಅದುರುವಿಕೆಯ ಬಗ್ಗೆ ಕೇಳುವವರು ಕಡಿಮೆ. ಆದರೆ ನಮ್ಮ ಕಡೆ ಅದುರುವ ಮನೆಗಳಿಗೆ ಬರವಿಲ್ಲ. ಕೆ.ಆರ್. ನಗರದಲ್ಲಿ ಅಕ್ಕಿ ಮಿಲ್‌ಗಳಿವೆ, ಮೇಲಾಗಿ ಈ ನಾಲ್ಕು ಊರುಗಳಲ್ಲಿ ರೈಲು ಬರುವುದೂ ಅಲ್ಲಿಗೆ ಮಾತ್ರ. ಹುಣಸೂರಿನಲ್ಲಿ ಮರ ಕೊಯ್ಯುವ ಮಿಲ್‌ಗಳು, ಮಡಿಕೇರಿ ರಸ್ತೆಯ ಲಾರಿಗಳು. ಫ್ಲೋರ್ ಮಿಲ್ ಇಲ್ಲದ ಬೀದಿಯನ್ನಂತೂ ಹುಡುಕಬೇಕು. ಮನೆಯೊಳಗೆ ಗ್ರೈಂಡರ್, ವಾಷಿಂಗ್ ಮೆಷಿನ್, ಮೋಟಾರ್ ಹಾಕಿದ ಹೊಲಿಗೆ ಯಂತ್ರ ಇವೆ.

ಮೊದಲು ಡಿಸ್ಕ್ ಒಳಗೆ ಏನಾಗುತ್ತದೆ ನೋಡೋಣ. ಡೆಸ್ಕ್‌ಟಾಪ್‌ನ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 120. ತಟ್ಟೆಯ ಅಡ್ಡಳತೆ ಸುಮಾರು 95 ಮಿ.ಮೀ. ಲೆಕ್ಕ ಹಾಕಿದರೆ ಅದರ ಅಂಚು ಗಂಟೆಗೆ ಸುಮಾರು 129 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಓದುವ ಬರೆಯುವ ಹೆಡ್ ಆ ತಟ್ಟೆಯನ್ನು ಮುಟ್ಟುವುದಿಲ್ಲ. ತಿರುಗುವಿಕೆಯಿಂದ ಹುಟ್ಟುವ ಗಾಳಿಯ ತೆಳು ಪದರದ ಮೇಲೆ, ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತದೆ. ನಮ್ಮ ಒಂದು ಕೂದಲಿನ ದಪ್ಪ ಸುಮಾರು 80,000 ನ್ಯಾನೋಮೀಟರ್ ಎಂದರೆ ಈ ಅಂತರ ಎಷ್ಟು ಕಿರಿದು ಎಂದು ತಿಳಿದೀತು. ಮಾಹಿತಿ ಕೂತಿರುವ ಹಾದಿಗಳು, ಅಂದರೆ ಟ್ರ್ಯಾಕ್‌ಗಳು, ಇಂದಿನ ಡಿಸ್ಕ್‌ಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಸುಮಾರು 100 ನ್ಯಾನೋಮೀಟರ್ ದೂರದಲ್ಲಿರುತ್ತವೆ. ಹೆಡ್ ಆ ಹಾದಿಯ ಮೇಲೇ ಇರುವಂತೆ ಡಿಸ್ಕ್ ಪ್ರತಿ ಕ್ಷಣ ತಿದ್ದಿಕೊಳ್ಳುತ್ತಿರುತ್ತದೆ.

ಅದುರುವಿಕೆ ಈ ತಿದ್ದುವ ಕೆಲಸವನ್ನೇ ಕೆಡಿಸುತ್ತದೆ. ಹೆಡ್ ಹಾದಿ ತಪ್ಪಿದ್ದು ಗೊತ್ತಾದ ಕೂಡಲೇ ಡಿಸ್ಕ್ ಬರೆಯುವುದನ್ನು ನಿಲ್ಲಿಸಿ, ಆ ಜಾಗ ಮತ್ತೊಮ್ಮೆ ಸುತ್ತಿ ಬರುವವರೆಗೆ ಕಾದು ಮತ್ತೆ ಯತ್ನಿಸುತ್ತದೆ. ಒಂದು ಸುತ್ತಿಗೆ ಸೆಕೆಂಡಿನ 120ನೇ ಒಂದು ಭಾಗ. ಇಂಥ ಯತ್ನಗಳು ನೂರಾರು ಸೇರಿದರೆ ಕಂಪ್ಯೂಟರ್ ಹ್ಯಾಂಗ್ ಆದಂತೆ ಕಾಣುತ್ತದೆ. ಹಾಗಾಗಿ ಅದುರುವಿಕೆಯ ಮೊದಲ ಲಕ್ಷಣ ಡಿಸ್ಕ್ ಸಾಯುವುದಲ್ಲ, ನಿಧಾನವಾಗುವುದು. ಓಡುತ್ತಿರುವಾಗ ಜೋರಾದ ಪೆಟ್ಟು ಬಿದ್ದರೆ ಮಾತ್ರ ಹೆಡ್ ತಟ್ಟೆಗೇ ಬಡಿದು ಗೀರು ಬೀಳಬಹುದು, ಆ ಜಾಗದ ಮಾಹಿತಿ ಮತ್ತೆ ಸಿಗುವುದಿಲ್ಲ.

ಇದು ಉತ್ಪ್ರೇಕ್ಷೆ ಅನ್ನಿಸಿದರೆ ಮೂರು ಪ್ರಸಂಗ ಹೇಳುತ್ತೇನೆ. 2008ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯ ಎಂಜಿನಿಯರ್ ಬ್ರೆಂಡನ್ ಗ್ರೆಗ್ ಡಿಸ್ಕ್‌ಗಳ ಸಾಲಿನ ಮುಂದೆ ನಿಂತು ಜೋರಾಗಿ ಕಿರುಚಿದರು. ಅದೇ ಕ್ಷಣ ಡಿಸ್ಕ್‌ಗಳ ವಿಳಂಬ ಏರಿದ್ದು ಪರದೆಯ ಮೇಲಿನ ನಕ್ಷೆಯಲ್ಲಿ ಕಂಡಿತು. 2016ರ ಸೆಪ್ಟೆಂಬರ್‌ನಲ್ಲಿ ರುಮೇನಿಯಾದ ಬುಕಾರೆಸ್ಟ್‌ನಲ್ಲಿ ಐಎನ್‌ಜಿ ಬ್ಯಾಂಕಿನ ಡೇಟಾ ಸೆಂಟರ್‌ನಲ್ಲಿ ಬೆಂಕಿ ಆರಿಸುವ ಗ್ಯಾಸ್ ವ್ಯವಸ್ಥೆಯನ್ನು ಪರೀಕ್ಷಿಸಿದಾಗ, ಗ್ಯಾಸ್ ನುಗ್ಗಿದ ಸದ್ದಿಗೇ ಹಾರ್ಡ್ ಡಿಸ್ಕ್‌ಗಳು ಕೆಟ್ಟು ಬ್ಯಾಂಕಿನ ಸೇವೆ ಗಂಟೆಗಟ್ಟಲೆ ನಿಂತಿತು. ಮೂರನೆಯದು ನನಗೆ ಬಹಳ ಇಷ್ಟವಾದದ್ದು. ಜಾನೆಟ್ ಜಾಕ್ಸನ್ ಅವರ ‘ರಿದಮ್ ನೇಶನ್’ ಹಾಡು ಹಾಕಿದರೆ ಕೆಲವು ಹಳೆಯ ಲ್ಯಾಪ್‌ಟಾಪ್‌ಗಳು ನಿಂತುಬಿಡುತ್ತಿದ್ದವು ಎಂದು ಮೈಕ್ರೋಸಾಫ್ಟ್‌ನ ರೇಮಂಡ್ ಚೆನ್ 2022ರಲ್ಲಿ ಬರೆದರು. ಹಾಡಿನ ಒಂದು ಕಂಪನಾಂಕ, ಆ ಲ್ಯಾಪ್‌ಟಾಪ್‌ಗಳ 5400 ಸುತ್ತಿನ ಡಿಸ್ಕ್‌ನ ಸಹಜ ಕಂಪನಾಂಕಕ್ಕೆ ಹೊಂದಿಕೊಂಡಿತ್ತು. ಭೌತಶಾಸ್ತ್ರದಲ್ಲಿ ಇದನ್ನೇ ಅನುರಣನ ಎನ್ನುತ್ತೇವೆ. ಉಯ್ಯಾಲೆಯನ್ನು ಅದರ ತಾಳಕ್ಕೆ ಸರಿಯಾಗಿ ತಳ್ಳಿದರೆ ಸಣ್ಣ ಮಗುವೂ ದೊಡ್ಡವರನ್ನು ತೂಗಬಲ್ಲದು, ಅಷ್ಟೇ ವಿಷಯ.

ಈಗ ನಮ್ಮ ಮನೆಗಳಿಗೆ ಬರೋಣ. ಕೆ.ಆರ್. ನಗರ ಕಡೆಯ ಒಬ್ಬ ವಿದ್ಯಾರ್ಥಿ ಕಳೆದ ವರ್ಷ ಲ್ಯಾಬ್‌ನಲ್ಲಿ ಹೇಳಿದ: “ಸರ್, ಪಕ್ಕದ ಮಿಲ್ ಓಡುವಾಗ ನಮ್ಮ ಕಂಪ್ಯೂಟರ್ ಹ್ಯಾಂಗ್ ಆಗುತ್ತೆ, ಮಿಲ್ ನಿಂತರೆ ಸರಿ ಹೋಗುತ್ತೆ.” ಆ ಮನೆಯಲ್ಲಿ ಅವನ ಅಣ್ಣ ಮದುವೆ, ನಿಕಾಹ್‌ಗಳ ವಿಡಿಯೋ ಎಡಿಟ್ ಮಾಡಿ ಕೊಡುತ್ತಾರೆ. ಗಿರಾಕಿಗಳ ವಿಡಿಯೋ ಎಲ್ಲ ಅದೇ ಡಿಸ್ಕ್‌ನಲ್ಲಿ. ಅದರ ಜೊತೆಗೆ ತೀರಿಹೋದ ದಾದಾ ಮಾತಾಡಿದ ಒಂದು ರೆಕಾರ್ಡಿಂಗ್ ಕೂಡ ಇತ್ತು, ಅದಕ್ಕೆ ಇನ್ನೊಂದು ಪ್ರತಿ ಇರಲಿಲ್ಲ.

ಇಲ್ಲಿ ಆತುರ ಪಡಬಾರದು. ಮಿಲ್‌ನ ದೊಡ್ಡ ಮೋಟಾರ್ ಶುರುವಾದಾಗ ಲೈನಿನ ವೋಲ್ಟೇಜ್ ಕೂಡ ಇಳಿಯುತ್ತದೆ, ಕಂಪ್ಯೂಟರ್ ಅದಕ್ಕೂ ನಿಲ್ಲಬಹುದು. ಹಾಗಾಗಿ ಅವನಿಗೆ ಒಂದು ಪರೀಕ್ಷೆ ಹೇಳಿದೆ. ಮಿಲ್ ಓಡುತ್ತಿರುವಾಗ ಯುಪಿಎಸ್ ಪ್ಲಗ್ ಕಿತ್ತು ಕೆಲವು ನಿಮಿಷ ಬ್ಯಾಟರಿಯ ಮೇಲೆ ದೊಡ್ಡ ಫೈಲ್ ಕಾಪಿ ಮಾಡು. ಆಗ ಸರಿಹೋದರೆ ತೊಂದರೆ ಕರೆಂಟಿನದು, ಆಗಲೂ ನಿಧಾನವಾದರೆ ಬೇರೆಯದು. ಆಮೇಲೆ ಸಿಪಿಯು ಡಬ್ಬವನ್ನು ಇನ್ನೊಂದು ಕೋಣೆಗೆ ಒಯ್ದು ಅದೇ ಫೈಲ್ ಕಾಪಿ ಮಾಡು. ಬ್ಯಾಟರಿಯ ಮೇಲೂ ನಿಧಾನವಾಯಿತು, ಇನ್ನೊಂದು ಕೋಣೆಯಲ್ಲಿ ಸರಾಗವಾಗಿ ನಡೆಯಿತು. ಸಿಪಿಯು ಇದ್ದದ್ದು ಮಿಲ್‌ನ ಗೋಡೆಗೆ ಒತ್ತಿ ನಿಲ್ಲಿಸಿದ ಮರದ ಮೇಜಿನ ಮೇಲೆ, ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಅಮ್ಮನ ಹೊಲಿಗೆ ಯಂತ್ರ.

ಮೊದಲ ಕೆಲಸವಾಗಿ ಎಲ್ಲವನ್ನೂ ಬೇರೊಂದು ಡಿಸ್ಕ್‌ಗೆ ಕಾಪಿ ಮಾಡಿಸಿದೆ. ಆಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಡಿಸ್ಕ್‌ನ ಆರೋಗ್ಯ ನೋಡಿದೆವು. ನೀವೂ ನೋಡಬಹುದು. ಬದಲಿ ಜಾಗಕ್ಕೆ ಸ್ಥಳಾಂತರಿಸಿದ ಸೆಕ್ಟರ್‌ಗಳ ಸಂಖ್ಯೆ (ಕ್ರಮಾಂಕ 05) ಮತ್ತು ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳ ಸಂಖ್ಯೆ (ಕ್ರಮಾಂಕ ಸಿ5), ಈ ಎರಡು ಸಾಲು ಸಾಕು. ಸೊನ್ನೆ ಇದ್ದರೆ ಒಳ್ಳೆಯದು. ವಾರದಿಂದ ವಾರಕ್ಕೆ ಏರುತ್ತಿದ್ದರೆ ಆ ಡಿಸ್ಕ್‌ನ ಕಾಲ ಮುಗಿಯುತ್ತಿದೆ, ರಬ್ಬರ್ ಹಾಕಿ ಪ್ರಯೋಜನವಿಲ್ಲ.

ರಬ್ಬರ್, ಸ್ಪಂಜ್ ಬಗ್ಗೆ ಜನರಿಗೆ ಅತಿಯಾದ ನಂಬಿಕೆ ಇದೆ. ಮೆತ್ತಗಿನದು ಏನನ್ನು ಇಟ್ಟರೂ ಅದುರುವಿಕೆ ನಿಲ್ಲುತ್ತದೆ ಎಂಬುದು ಸರಿಯಲ್ಲ. ಮಿಲ್‌ಗಳಲ್ಲಿ ಸಾಮಾನ್ಯವಾಗಿರುವ ಮೋಟಾರ್ ನಿಮಿಷಕ್ಕೆ ಸುಮಾರು 1440 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 24 ಕಂಪನ. ಡಬ್ಬದ ಭಾರಕ್ಕೆ ಸ್ಪಂಜ್ 1 ಮಿ.ಮೀ. ಮಾತ್ರ ತಗ್ಗಿದರೆ ಅದರ ಸಹಜ ಕಂಪನಾಂಕ ಸೆಕೆಂಡಿಗೆ ಸುಮಾರು 16 ಆಗುತ್ತದೆ. ಇದರಿಂದ ಹೆಚ್ಚು ಉಪಯೋಗವಿಲ್ಲ. ಅದಕ್ಕಿಂತಲೂ ಗಟ್ಟಿಯಾಗಿ ಸಹಜ ಕಂಪನಾಂಕ 24ರ ಹತ್ತಿರ ಬಂದರೆ ಅದುರುವಿಕೆ ಕಡಿಮೆಯಾಗುವ ಬದಲು ಹೆಚ್ಚುತ್ತದೆ! 4 ಮಿ.ಮೀ. ತಗ್ಗಿದರೆ ಸಹಜ ಕಂಪನಾಂಕ 8ರ ಹತ್ತಿರ ಇಳಿದು, ಡಬ್ಬಕ್ಕೆ ತಲುಪುವುದು ಸರಿಸುಮಾರು ಎಂಟನೇ ಒಂದು ಭಾಗ. ಗುರುತ್ವ ವೇಗೋತ್ಕರ್ಷವನ್ನು ತಗ್ಗಿದ ಅಳತೆಯಿಂದ ಭಾಗಿಸಿ, ವರ್ಗಮೂಲ ತೆಗೆದು, 2π ಇಂದ ಭಾಗಿಸಿ ನೋಡಿ, ಈ ಅಂಕಿಗಳು ಬರುತ್ತವೆ. ಆದ್ದರಿಂದ ಡಬ್ಬದ ನಾಲ್ಕು ಮೂಲೆಗೂ ಅದರ ಭಾರಕ್ಕೆ ಕಣ್ಣಿಗೆ ಕಾಣುವಷ್ಟು ತಗ್ಗುವ, ಆದರೆ ಪೂರ್ತಿ ಚಪ್ಪಟೆಯಾಗದ ತುಂಡುಗಳನ್ನು ಇಡಬೇಕು. ಹಳೆಯ ಹವಾಯಿ ಚಪ್ಪಲಿಯ ತುಂಡು ಇದಕ್ಕೆ ತುಂಬಾ ಗಟ್ಟಿ. ಹಾಸಿಗೆಯ ಫೋಮ್‌ನ ಸಣ್ಣ ತುಂಡುಗಳು ವಾಸಿ, ಕೆಲವು ತಿಂಗಳಿಗೊಮ್ಮೆ ಬದಲಾಯಿಸಿದರಾಯಿತು.

ಡಿಸ್ಕ್ ಒಂದನ್ನೇ ಹೊರತೆಗೆದು ಎಲಾಸ್ಟಿಕ್‌ನಲ್ಲಿ ತೂಗುಹಾಕುವವರಿದ್ದಾರೆ. ಸದ್ದು ಕಡಿಮೆಯಾಗುತ್ತದೆ ನಿಜ. ಆದರೆ ಡಿಸ್ಕ್ ಹಗುರ. ಒಳಗಿನ ತೋಳು ಆ ಕಡೆ ಈ ಕಡೆ ಓಡುವಾಗ ಡಿಸ್ಕ್ ತಾನೇ ಎದುರು ದಿಕ್ಕಿಗೆ ಹೊರಳಿ, ಹೆಡ್ ಹಾದಿ ತಪ್ಪುತ್ತದೆ. ಭಾರವಾದ ಡಬ್ಬಕ್ಕೆ ನಾಲ್ಕೂ ಸ್ಕ್ರೂ ಬಿಗಿದು ಕೂರಿಸಿ, ಡಬ್ಬವನ್ನೇ ಮೆತ್ತಗಿನದರ ಮೇಲೆ ಇಡುವುದು ಸರಿಯಾದ ಕ್ರಮ. ಡಿಸ್ಕ್ ಅನ್ನು ಫೋಮ್‌ನಲ್ಲಿ ಸುತ್ತುವುದಂತೂ ಬೇಡವೇ ಬೇಡ, ಏಪ್ರಿಲ್ ತಿಂಗಳಲ್ಲಿ ಬಿಸಿಗೇ ಕೆಟ್ಟೀತು. ಧೂಳು ಹಿಡಿದು ಓಲಾಡುವ ಫ್ಯಾನ್ ಕೂಡ ಒಳಗಿನಿಂದಲೇ ಅದುರಿಸುತ್ತದೆ, ಬ್ರಷ್‌ನಿಂದ ಒರೆಸಿ.

ಸ್ಪಂಜಿಗಿಂತ ಮುಖ್ಯವಾದದ್ದು ಜಾಗ. ಮಿಲ್ ಇರುವ ಗೋಡೆಯ ಎದುರು ಗೋಡೆ, ನೆಲಮಹಡಿಯ ನೆಲ, ಮೇಲಿನ ಮಹಡಿಯಾದರೆ ಕೋಣೆಯ ನಡುವೆ ಅಲ್ಲದೆ ಗೋಡೆಯ ಬುಡ. ಹೆಂಚಿನ ಮನೆಯ ಅಟ್ಟ ಬೇಡ. ಹೋಮ್ ಥಿಯೇಟರ್‌ನ ವೂಫರ್ ಮತ್ತು ಸಿಪಿಯು ಒಂದೇ ಮೇಜಿನ ಮೇಲೆ ಇರುವುದನ್ನು ಬಹಳ ಮನೆಗಳಲ್ಲಿ ನೋಡಿದ್ದೇನೆ. ಎರಡರಲ್ಲಿ ಒಂದನ್ನು ಕೆಳಗಿಳಿಸಿ. ಯಾವ ಜಾಗ ಒಳ್ಳೆಯದು ಎಂದು ತಿಳಿಯಲು ಸ್ಟೀಲ್ ಲೋಟದ ತುಂಬ ನೀರಿಟ್ಟು ಮಿಲ್ ಓಡುವಾಗ ಅಲೆಗಳನ್ನು ನೋಡಿದರೂ ಸಾಕು. ಇನ್ನೂ ನಿಖರವಾಗಿ ಬೇಕಾದರೆ, ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿದ ಫೈಫಾಕ್ಸ್ ಎಂಬ ಉಚಿತ ಆ್ಯಪ್ ಹಾಕಿ ಮೊಬೈಲನ್ನು ಆ ಜಾಗದಲ್ಲಿ ಮಲಗಿಸಿ. ಸೆಕೆಂಡಿಗೆ ಎಷ್ಟು ಕಂಪನ ಎಂಬುದನ್ನು ಅದು ನಕ್ಷೆಯಾಗಿ ತೋರಿಸುತ್ತದೆ. ವಿಜ್ಞಾನದ ವಿದ್ಯಾರ್ಥಿಗಳಿಗೆ ಇದೇ ಒಂದು ಪ್ರಾಜೆಕ್ಟ್ ಆದೀತು.

ಹಣ ಕೂಡಿದಾಗ ವಿಂಡೋಸ್ ಇರುವ ಡಿಸ್ಕ್ ಬದಲು ಒಂದು ಸಣ್ಣ ಎಸ್‌ಎಸ್‌ಡಿ ಹಾಕಿಸಿಕೊಳ್ಳಿ. ಅದರಲ್ಲಿ ತಿರುಗುವ ಭಾಗವೇ ಇಲ್ಲ, ಅದುರುವಿಕೆಯ ಮಾತೇ ಬರುವುದಿಲ್ಲ. ಹಳೆಯ ಡಿಸ್ಕ್ ಅನ್ನು ಎರಡನೇ ಪ್ರತಿ ಇಡಲು ಬಳಸಬಹುದು, ಬಳಸದಾಗ ಆಫ್ ಆಗಿರಲಿ. ಡಿಸ್ಕ್ ಆಫ್ ಆಗುವಾಗ, ಕರೆಂಟ್ ಹಠಾತ್ತನೆ ಹೋದರೂ ಸಹ, ತಿರುಗುತ್ತಿರುವ ತಟ್ಟೆಯಿಂದಲೇ ಹುಟ್ಟುವ ವಿದ್ಯುತ್ ಬಳಸಿ ಹೆಡ್ ಅನ್ನು ಪಕ್ಕಕ್ಕೆ ಎಳೆದು ನಿಲ್ಲಿಸುತ್ತದೆ. ಹೀಗೆ ನಿಂತ ಡಿಸ್ಕ್, ಓಡುವ ಡಿಸ್ಕ್‌ಗಿಂತ ಹಲವು ಪಟ್ಟು ಪೆಟ್ಟು ತಡೆಯುತ್ತದೆ. ಬಸ್ಸಿನಲ್ಲಿ ಲ್ಯಾಪ್‌ಟಾಪ್ ತರುವವರು ಮುಚ್ಚಳ ಮುಚ್ಚಿ ಬ್ಯಾಗಿಗೆ ತುರುಕದೆ ಪೂರ್ತಿ ಶಟ್ ಡೌನ್ ಮಾಡಿ, ಅರ್ಧ ನಿಮಿಷ ಕಾದು ಎತ್ತಿಕೊಳ್ಳಿ. ಬ್ಯಾಗನ್ನು ಕೊನೆಯ ಸೀಟಿನ ಕೆಳಗೆ ಇಡಬೇಡಿ. ನಮ್ಮ ರಸ್ತೆಗಳ ಹಂಪುಗಳು ಮೊದಲು ಗೊತ್ತಾಗುವುದು ಅಲ್ಲಿಗೇ, ತೊಡೆಯ ಮೇಲೆ ಇಟ್ಟುಕೊಂಡರೆ ಒಳ್ಳೆಯದು.