ಶಬ್ದದ ಮೂಲ ಮತ್ತು ಶಬ್ದದ ಔಚಿತ್ಯ

ಬರವಣಿಗೆಯಲ್ಲಿ ಶಬ್ದಗಳ ಆಯ್ಕೆ ಕೇವಲ ಅಲಂಕಾರದ ವಿಷಯವಲ್ಲ. ಅದು ಮೂಲತಃ ಅರ್ಥದ ವಿಷಯ. ಕನ್ನಡದಲ್ಲಿ ಬಳಕೆಯಲ್ಲಿರುವ ಶಬ್ದಗಳನ್ನು ಅವುಗಳ ಮೂಲಕ್ಕನುಸಾರವಾಗಿ ದೇಶ್ಯ, ತತ್ಸಮ, ತದ್ಭವ, ಅನ್ಯದೇಶ್ಯಗಳೆಂದು ನಾಲ್ಕು ಬಗೆಯಾಗಿ ವಿಂಗಡಿಸುವುದು ರೂಢಿ. ಮನೆ, ನೀರು, ಮೈ ಎಂಬುವು ದೇಶ್ಯ. ಶರೀರ, ಕಾರ್ಯ ಎಂಬುವು ತತ್ಸಮ. ಆಕಾಶವು ಆಗಸವಾದಾಗ, ಕಾವ್ಯವು ಕಬ್ಬವಾದಾಗ ತದ್ಭವ. ಅರ್ಜಿ, ಕಚೇರಿ, ರೈಲುಗಳು ಅನ್ಯದೇಶ್ಯ. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ತದ್ಭವಗಳ ವಿಚಾರಕ್ಕೆಂದೇ ಅಪಭ್ರಂಶ ಪ್ರಕರಣವನ್ನು ರಚಿಸಿದನು. ಅದೇ ಶತಮಾನದ ಆಂಡಯ್ಯನು ತತ್ಸಮಗಳನ್ನು ದೂರವಿರಿಸಿ, ದೇಶ್ಯ ತದ್ಭವಗಳಿಂದಲೇ ‘ಕಬ್ಬಿಗರ ಕಾವ’ವನ್ನು ಬರೆದನು.

ಆದರೆ ಈ ವಿಭಾಗವು ಶಬ್ದದ ಹುಟ್ಟನ್ನು ತಿಳಿಸುತ್ತದೆಯೇ ಹೊರತು ಅದರ ಯೋಗ್ಯತೆಯನ್ನಲ್ಲ. ‘ಶ್ರೀ’ಯಿಂದ ‘ಸಿರಿ’ ಬಂದಿತು. ಆದರೂ ಹೆಸರಿನ ಮುಂದೆ ಗೌರವಾರ್ಥವಾಗಿ ‘ಶ್ರೀ’ ಎಂದೇ ಬರೆಯಬೇಕು. ಮನೆಯ ಸಂಪದವನ್ನು ಹೇಳುವಲ್ಲಿ ‘ಸಿರಿ’ಯೇ ಸೊಗಸು. ಮೈ, ಒಡಲು, ಶರೀರ ಇವು ಸಮಾನಾರ್ಥಕಗಳೆಂದು ತೋರಿದರೂ, ಮೈ ತೊಳೆಯುವವರು ಶರೀರವನ್ನು ತೊಳೆದರೆಂದು ಬರೆದರೆ ಕನ್ನಡದ ಜಾಡು ತಪ್ಪುತ್ತದೆ.

ವಚನಗಳ ಅಧ್ಯಯನದಲ್ಲಿ ಈ ವಿವೇಕವು ಇನ್ನೂ ಅಗತ್ಯ. ‘ಕಾಯ’ದಿಂದಾದ ‘ಕಾಯಕ’ವನ್ನು ‘ಉದ್ಯೋಗ’ವೆಂದು ಅರ್ಥೈಸಿದರೆ ಸಂಪಾದನೆಯೊಂದೇ ಉಳಿದು, ಅದರಲ್ಲಿರುವ ಶುದ್ಧಭಾವವು ಮರೆಯಾಗುತ್ತದೆ. ‘ದಾಸೋಹ’ವನ್ನು ‘ದಾನ’ವೆಂದರೆ ಲೋಪವು ಮತ್ತಷ್ಟು ಗುರುತರ. ದಾನದಲ್ಲಿ ಕೊಡುವವನ ಕೈ ಮೇಲು; ‘ನಾನು ದಾಸ’ ಎಂಬ ಅರ್ಥದ ಸಂಸ್ಕೃತ ನುಡಿಯಿಂದ ಬಂದ ದಾಸೋಹದಲ್ಲಿ ನೀಡುವವನೇ ಸೇವಕ. ಒಂದು ಶಬ್ದ ಬದಲಾದೊಡನೆ ಶರಣರು ಕಂಡ ಸಂಬಂಧವೇ ತಲೆಕೆಳಗಾಗುತ್ತದೆ. ಇವೆರಡೂ ಸಂಸ್ಕೃತ ಮೂಲದ ಶಬ್ದಗಳೇ ಆದರೂ ಅವುಗಳ ಅರ್ಥವು ಕನ್ನಡದ ನೆಲದಲ್ಲಿ, ಶರಣರ ಬಾಳಿನಲ್ಲಿ ರೂಪುಗೊಂಡಿತೆಂಬುದು ಗಮನಾರ್ಹ.

ಇಂತಹ ಅರ್ಥವನ್ನು ಪ್ರಯೋಗದಿಂದಲೇ ಅರಿಯಬೇಕು. 1915ರಲ್ಲಿ ಸ್ಥಾಪಿತವಾದ, ಬೆಂಗಳೂರಿನ ಚಾಮರಾಜಪೇಟೆಯಲ್ಲಿರುವ ಕನ್ನಡ ಸಾಹಿತ್ಯ ಪರಿಷತ್ತಿನ ‘ಕನ್ನಡ ನಿಘಂಟು’ ಈ ದಿಸೆಯಲ್ಲಿ ಮಹದುಪಕಾರಿ. ಅದರ ಮೊದಲ ಸಂಪುಟ 1970ರಲ್ಲಿಯೂ ಎಂಟನೆಯ, ಕೊನೆಯ ಸಂಪುಟ 1995ರಲ್ಲಿಯೂ ಪ್ರಕಟವಾದುವು. ಶಾಸನ, ಕಾವ್ಯಾದಿಗಳ ಪ್ರಯೋಗಗಳನ್ನು ಮುಂದಿರಿಸಿ ಅದು ಅರ್ಥವನ್ನು ನಿರ್ಣಯಿಸುತ್ತದೆ.

ಆದುದರಿಂದ ಸಂಸ್ಕೃತವೆಂದು ಒಂದು ಶಬ್ದವನ್ನು ಮೆರೆಸುವುದೂ, ಗ್ರಾಮ್ಯವೆಂದು ಮತ್ತೊಂದನ್ನು ತೊರೆಯುವುದೂ ಸಲ್ಲದು. ಶಬ್ದವು ಎಲ್ಲಿಂದ ಬಂದಿತೆಂಬುದನ್ನು ತಿಳಿದು, ಎಲ್ಲಿ ಸಲ್ಲುತ್ತದೆಂಬುದನ್ನು ಅರಿತು ಬಳಸುವುದೇ ಲೇಖಕನ ಕರ್ತವ್ಯ.